ಅತ್ತೆ ಉಪ್ಪು ನೋಡದ ಸಾರು

ಮೊನ್ನೆ ಮಗಳಿಗೆ ಸ್ಕೂಲ್ ಶೂ ಕೊಡಿಸಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಶೂ ಸಿಕ್ಕಿತು, ಜೊತೆಗೆ ಬೇಡದ ಒಂದು ಹೇರ್‌ಬ್ಯಾಂಡೂ ಬಂತು. ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಹೊತ್ತಿಗೆ ಅವರೆಕಾಯಿಯ ಸೊಗಡು ಘಮ್ಮೆಂದು ಮೂಗಿಗೆ ಬಡಿಯಿತು. ಫುಟ್‌ಪಾತಿನ ಮೇಲೆ ಗೋಣಿಚೀಲ ಹಾಸಿ ಒಬ್ಬಾಕೆ ರಾಶಿ ಹಾಕಿಕೊಂಡು ಕೂತಿದ್ದರು. ಸುತ್ತ ಒಂದಷ್ಟು ಹೆಂಗಸರು ಬಗ್ಗಿ, ಕಾಯಿ ಆರಿಸುವ ನೆಪದಲ್ಲಿ ಮೂಸಿ ಮೂಸಿ ನೋಡುತ್ತಿದ್ದರು. ಬೆರಳಿಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಹೋಗದ ಆ ಎಣ್ಣೆಯಂಥ ವಾಸನೆ ನಮ್ಮ ಕಡೆಯವರಿಗೆ ಪರಿಮಳ. ಹೊರಗಿನಿಂದ ಬಂದವರಿಗೆ, ಎಲ್ಲೋ ಏನೋ ಕೊಳೆತಿದೆ ಎಂಬ ಅನುಮಾನ.

ಮಗಳು ಹೊರಗಿನವಳಲ್ಲದಿದ್ದರೂ ಮೂಗು ಮುಚ್ಚಿಕೊಂಡಳು. "ಅಮ್ಮಾ, ಏನಿದು ಸ್ಮೆಲ್ಲು?"

"ಅವರೆಕಾಯಿ ಕಣೇ. ನೀನು ಹೊಟ್ಟೇಲಿದ್ದಾಗ ಇದರ ಹೆಸರಲ್ಲಿ ನಮ್ಮನೇಲಿ ದೊಡ್ಡ ಗಲಾಟೆನೇ ಆಗಿತ್ತು."

"ನಾನೇನ್ ಮಾಡಿದ್ದೆ?"

"ನೀನೇನೂ ಮಾಡಿರ್ಲಿಲ್ಲ. ಟಿವಿಯವರು ಮಾಡಿದ್ದು."

ಟಿವಿಯವರ ಮೇಲೆ ಅವಳಿಗೆ ಆಸಕ್ತಿಯಿಲ್ಲ. ಹೇರ್‌ಬ್ಯಾಂಡ್ ಸರಿಮಾಡಿಕೊಳ್ಳತೊಡಗಿದಳು. ನಾನು ಮಾತ್ರ ಒಂದು ಬ್ಯಾಗ್ ತುಂಬ ಕಾಯಿ ತೂಗಿಸಿಕೊಂಡು ಬಸ್ ಹತ್ತಿದೆ. ಉತ್ತರಹಳ್ಳಿ ಬರುವವರೆಗೂ ಪಕ್ಕದ ಸೀಟಿನವರು ಕಿಟಕಿಯಿಂದ ಮುಖ ಈಚೆಗೆ ತರಲಿಲ್ಲ. ನಾನು ಆ ಚಳಿಗಾಲವನ್ನೇ ನೆನೆಸಿಕೊಂಡು ಕೂತಿದ್ದೆ.

ಆಗಲೂ ನಾವು ಉತ್ತರಹಳ್ಳಿಯಲ್ಲೇ, ನಂಜಮ್ಮನವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಂಜಮ್ಮ ಆ ಊರಿನ ಹಳೇ ಕುಳ. ಅವರು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರು ಕಟ್ಟಡಗಳಿವೆ. ಆದರೂ ಅವರು ದಿನ ಕಳೆಯುತ್ತಿದ್ದದ್ದು ಗೇಟಿನ ಪಕ್ಕದ ಸಿಮೆಂಟಿನ ಜಗಲಿಯ ಮೇಲೆ, ಮೊರ ಮುಂದಿಟ್ಟುಕೊಂಡು. ಮೇಲೆ ನಾವು ಮೂವರು: ನಾನು, ನನ್ನ ಗಂಡ ರಘು, ಅತ್ತೆ ಸರೋಜಮ್ಮ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿದು ಬೀದಿಯ ಹೆಂಗಸರಿಗೆಲ್ಲ ಬೇಕಾದವರಾಗಿದ್ದರು. ನಾನು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ವಿಭಾಗದವಳು. ಬೆಳಗ್ಗೆಯಿಂದ ಸಂಜೆವರೆಗೆ ಬಟ್ಟೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತೀಯ ಎಂದು ರಘು ರೇಗಿಸುತ್ತಿದ್ದ. ಆ ಡಿಸೆಂಬರಿನಲ್ಲಿ ಕಾಲು ಊದಿಕೊಂಡು, ಬಸ್ಸಿನ ಓಡಾಟ ಸಾಕು ಎಂದು ಡಾಕ್ಟರು ಹೇಳಿದ್ದರಿಂದ ರಜೆ ಹಾಕಿ ಮನೆಯಲ್ಲಿದ್ದೆ. ತವರು ತಿಪಟೂರು. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಅವಳನ್ನೇ ಒಬ್ಬರು ನೋಡಿಕೊಳ್ಳಬೇಕಾಗಿತ್ತು. ಹಾಗಾಗಿ ಬಾಣಂತನವೂ ಇಲ್ಲೇ ಎಂದು ತೀರ್ಮಾನವಾಗಿತ್ತು.

ಇನ್ನು ರಘುವಿನ ಕೆಲಸ. ಅವನು ಒಂದು ನ್ಯೂಸ್ ಚಾನೆಲ್‌ನಲ್ಲಿ ಗ್ರಾಫಿಕ್ಸ್ ಮಾಡುತ್ತಿದ್ದ. ಯಾವ ಚಾನೆಲ್ ಎಂದು ಕೇಳಬೇಡಿ, ಹೇಳಿದರೂ ನಿಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಪರದೆಯ ಮೇಲೆ ಅಕ್ಷರ ಬೆಂಕಿ ಹತ್ತಿಕೊಂಡು ಬರುತ್ತದಲ್ಲ, ಏನೂ ಅರಿಯದ ಪಾಪದ ತರಕಾರಿಯ ಸುತ್ತ ಕೆಂಪು ಉಂಗುರ ತಿರುಗುತ್ತದಲ್ಲ, ಅದೆಲ್ಲ ಅವನ ಕೈಕೆಲಸ. ಹಿಂದೆ ಢಣ್ ಎನ್ನುವ ಸದ್ದು ಮಾತ್ರ ಬೇರೆಯವರದು. ಸಂಜೆ ಅವರಲ್ಲಿ ಆರೋಗ್ಯದ ಕಾರ್ಯಕ್ರಮವೊಂದು ಬರುತ್ತಿತ್ತು. ಗರ್ಭಿಣಿಯರ ವಿಷಯ ಹಾಕಿದರೆ ನೋಡುವವರು ಜಾಸ್ತಿ ಎಂದು ಯಾರಿಗೋ ಹೊಳೆದಿತ್ತು. ನನ್ನ ಹೊಟ್ಟೆ ಬೆಳೆದ ಹಾಗೆ ಆ ಕಾರ್ಯಕ್ರಮವೂ ಬೆಳೆಯಿತು.

"ಗರ್ಭಿಣಿಯರೇ ಎಚ್ಚರ! ನೀವು ದಿನಾ ತಿನ್ನೋ ಈ ಪದಾರ್ಥ ನಿಮ್ಮ ಕಂದನಿಗೆ ಕಂಟಕವಾಗಬಹುದಾ? ಉತ್ತರ ಬ್ರೇಕ್ ನಂತರ."

ಉತ್ತರ ಒಂದು ಬ್ರೇಕಿನ ನಂತರ ಬರುತ್ತಿರಲಿಲ್ಲ. ಇನ್ನೊಂದು ಬ್ರೇಕ್, ಮತ್ತೊಂದು ಬ್ರೇಕ್. ಅಷ್ಟು ಹೊತ್ತೂ ನಮ್ಮ ಮನೆಯ ಒಲೆ ಆರಿರುತ್ತಿತ್ತು. ಅತ್ತೆ ಹೆಚ್ಚಿಟ್ಟ ತರಕಾರಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತು, ಇವತ್ತು ಯಾವುದರ ಸರದಿಯೋ ಎಂದು ಕಾಯುತ್ತಿದ್ದರು. ತಟ್ಟೆಯಲ್ಲಿದ್ದದ್ದರ ಹೆಸರು ಬಂದರೆ ಅದು ನೇರವಾಗಿ ಫ್ರಿಜ್ಜಿಗೆ. ಬರಲಿಲ್ಲವಾದರೆ ಒಗ್ಗರಣೆ. ಒಮ್ಮೆ ಕೊನೆಯ ಬ್ರೇಕಿನಲ್ಲಿ ಕರೆಂಟು ಹೋಗಿ, ಬದನೆಕಾಯಿಯ ಭವಿಷ್ಯ ತಿಳಿಯದೆ ನಾವೆಲ್ಲ ಮೊಸರನ್ನ ತಿಂದು ಮಲಗಿದ್ದೂ ಉಂಟು.

ರಘು ಮನೆಗೆ ಬಂದವನು ತಲೆ ಚಚ್ಚಿಕೊಳ್ಳುತ್ತಿದ್ದ. "ಅಮ್ಮಾ, ಎಲ್ಲದರ ಕೊನೇಲಿ ಒಂದು ಪ್ರಶ್ನೆ ಮಾರ್ಕ್ ಇರುತ್ತೆ ನೋಡಿದೀಯಾ? ಕಂಟಕ ಅಂತ ನಾವು ಹೇಳಲ್ಲ. ಕಂಟಕಾನಾ ಅಂತ ಕೇಳ್ತೀವಿ. ಕೇಳಿದ್ರೆ ಸುಳ್ಳು ಹೇಳ್ದಂಗಾಗಲ್ಲ. ಅಷ್ಟೇ ಅದರ ಸೀಕ್ರೆಟ್ಟು."

"ಸುಮ್‌ಸುಮ್ನೆ ಯಾರಾದ್ರೂ ಕೇಳ್ತಾರೇನೋ? ಏನೋ ಇರೋದ್ರಿಂದ ತಾನೆ ಕೇಳೋದು. ನೀನೇ ಕೆಲಸ ಮಾಡೋ ಚಾನೆಲ್ಲು, ನೀನೇ ನಂಬಲ್ಲ ಅಂದ್ರೆ ಹೆಂಗೆ?"

ಮಗ ವಿನಯಕ್ಕೆ ಹಾಗೆ ಹೇಳುತ್ತಾನೆ ಎಂದು ಅವರು ತಿಳಿದಿದ್ದರು. ಬೇರೆ ಚಾನೆಲ್ ಆಗಿದ್ದರೆ ಅನುಮಾನಿಸುತ್ತಿದ್ದರೋ ಏನೋ. ಮಗನ ಕೈಯಿಂದ ಬಂದ ಕೆಂಪು ಉಂಗುರವನ್ನು ಯಾವ ತಾಯಿ ಅಲ್ಲಗಳೆದಾಳು?

ನೀನೇನು ಓದಿದವಳಲ್ಲವಾ, ನಿನಗೇನಾಗಿತ್ತು ಎಂದು ನೀವು ಕೇಳಬಹುದು. ನಾನೂ ನಂಬಿರಲಿಲ್ಲ. ಆದರೆ ಹೆದರಿಕೆಗೆ ನಂಬಿಕೆಯೇ ಬೇಕೆಂದಿಲ್ಲ ಎಂದು ನನಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ. ಪರಂಗಿಹಣ್ಣು ಬಿಟ್ಟೆ, ಏನಂತೆ, ಇಲ್ಲದಿದ್ದರೂ ನಡೆಯುತ್ತದೆ. ಎಳ್ಳು ಬಿಟ್ಟೆ. ಬದನೆ, ಅನಾನಸು, ಮೆಂತ್ಯ, ಹಸಿ ತರಕಾರಿ, ಆಮೇಲೆ ಮೊಟ್ಟೆ. ಪ್ರತಿಯೊಂದನ್ನು ಬಿಡುವಾಗಲೂ ಮನಸ್ಸಿನಲ್ಲಿ ಒಂದೇ ಲೆಕ್ಕ: ತಿನ್ನದಿದ್ದರೆ ನಷ್ಟವೇನೂ ಇಲ್ಲ, ತಿಂದು ಏನಾದರೂ ಆದರೆ? ಈ 'ಆದರೆ' ಎಂಬುದು ಹೊಟ್ಟೆಯೊಳಗೆ ಕೂತ ಮೇಲೆ ಅನ್ನಕ್ಕೆ ಜಾಗ ಉಳಿಯುವುದಿಲ್ಲ. ಬಿಡುತ್ತ ಬಿಡುತ್ತ ಕೊನೆಗೆ ನನ್ನ ಪಾಲಿಗೆ ಉಳಿದದ್ದು ಬೇಳೆಕಟ್ಟಿನ ಸಾರು, ಅನ್ನ, ತುಪ್ಪ.

ಧನುರ್ಮಾಸ ಹಿಡಿಯುವ ಮುಂಚೆ ಸೀಮಂತ ಮುಗಿಸಿಬಿಡೋಣ ಎಂದು ಅತ್ತೆ ಗಡಿಬಿಡಿ ಮಾಡಿದ್ದರು. ಹಸಿರು ರೇಷ್ಮೆ ಸೀರೆ ಅವರೇ ಆರಿಸಿ ತಂದರು. ಬ್ಲೌಸ್ ಹೊಲಿಯುವಾಗ ಕಾಲಿನ ಹಾಗೆ ನನ್ನ ತೋಳೂ ಊದಿಕೊಂಡು ಬಟ್ಟೆ ಸಾಲಲಿಲ್ಲ. ಸೀರೆಯ ಒಳಸೆರಗಿನಿಂದ ಒಂದು ತುಂಡು ಕತ್ತರಿಸಿ ಎಡತೋಳಿಗೆ ಸೇರಿಸಿದರು. ಹೊಲಿದು ಮುಗಿದ ಮೇಲೆ ನೋಡಿದರೆ ಬಲತೋಳಿನ ಮಾವಿನ ಬುಟ್ಟಾ ನೆಟ್ಟಗೆ ನಿಂತಿದೆ, ಎಡತೋಳಿನದು ತಲೆಕೆಳಗು. ನಮ್ಮ ಫ್ಯಾಕ್ಟರಿಯಲ್ಲಾಗಿದ್ದರೆ ನಾನೇ ಅದನ್ನು ರಿಜೆಕ್ಟ್ ಮಾಡುತ್ತಿದ್ದೆ. ಅತ್ತೆ ಮುಖ ಸಣ್ಣಗೆ ಮಾಡಿಕೊಂಡು "ಬಿಚ್ಚಿ ಹಾಕ್ತೀನಿ ತಾಳು" ಎಂದರು. ನಾನೇ ಬೇಡವೆಂದೆ. ಹೊಟ್ಟೆ ಈ ಪಾಟಿ ಎದ್ದು ಕಾಣುವಾಗ ತೋಳಿನ ಮಾವಿನಕಾಯಿಯನ್ನು ಯಾರು ನೋಡುತ್ತಾರೆ?

ಸೀಮಂತದ ದಿನ ಬಯಕೆ ಊಟ. ನಮ್ಮ ಕಡೆ ಅವತ್ತು ನೆಂಟರು, ನೆರೆಯವರು ಒಬ್ಬೊಬ್ಬರೂ ಒಂದೊಂದು ತಿಂಡಿ ಮಾಡಿ ತರುತ್ತಾರೆ, ಬಸುರಿಯ ಆಸೆಯೆಲ್ಲ ಎಲೆಯ ಮೇಲೆ ಬರಲಿ ಎಂದು. ಎಲೆಯೇನೋ ತುಂಬಿತು. ತಿನ್ನಲು ಕೂತ ಮೇಲೆ ಗೊತ್ತಾಯಿತು, ಆ ಕಾರ್ಯಕ್ರಮವನ್ನು ಇಡೀ ಬೀದಿಯೇ ನೋಡುತ್ತಿದೆ ಎಂದು. ವಾಂಗಿಬಾತಿನಲ್ಲಿ ಬದನೆಕಾಯಿ ಇರಲಿಲ್ಲ. ಪುಳಿಯೋಗರೆಯಲ್ಲಿ ಎಳ್ಳಿರಲಿಲ್ಲ. ಕೋಸಂಬರಿಯಲ್ಲಿ ಸೌತೆಕಾಯಿ ತೆಗೆದು ಬರೀ ಹೆಸರುಬೇಳೆ ಬಿಟ್ಟಿದ್ದರು. ರಘುವಿನ ಚಿಕ್ಕಮ್ಮ ಮಾಡಿದ ಹಣ್ಣಿನ ರಸಾಯನದಲ್ಲಿ ಬಾಳೆಹಣ್ಣೊಂದೇ ಒಂಟಿಯಾಗಿ ತೇಲುತ್ತಿತ್ತು. ಪಾಪ, ಒಬ್ಬೊಬ್ಬರೂ ಇನ್ನೊಬ್ಬರಿಗೆ ಹೇಳದೆ, ನನ್ನ ಮೇಲಿನ ಪ್ರೀತಿಯಿಂದಲೇ ತಮ್ಮ ತಮ್ಮ ಹೆದರಿಕೆಯನ್ನು ಆರಿಸಿ ಹೊರಗಿಟ್ಟು ತಂದಿದ್ದರು. ನಂಜಮ್ಮ ಎಲೆಯನ್ನೊಮ್ಮೆ ನೋಡಿ, "ಏನವ್ವ ಇದು, ಬಸುರಿ ಊಟಾನೋ ಜ್ವರ ಬಂದೋರ ಊಟಾನೋ?" ಎಂದು ಜೋರಾಗಿ ನಕ್ಕುಬಿಟ್ಟರು. ನನಗೂ ನಗು ಬಂತು. ಫೋಟೋಗಳಲ್ಲೆಲ್ಲ ನಾನು ನಗುತ್ತಿದ್ದೇನೆ. ರಘು ಆ ಫೋಟೋಗಳನ್ನು ಆಲ್ಬಮ್ಮಿಗಾಗಿ ಸ್ವಲ್ಪ ಬೆಳಕು ಸರಿಮಾಡುತ್ತೇನೆಂದು ಆಫೀಸಿನ ಕಂಪ್ಯೂಟರಿಗೆ ಹಾಕಿಕೊಂಡ.

ನನ್ನ ನಿಜವಾದ ಬಯಕೆ ಯಾವುದೆಂದು ಯಾರೂ ಕೇಳಿರಲಿಲ್ಲ. ಅದು ಕೆಳಗಿನ ಜಗಲಿಯಿಂದ ಮೆಟ್ಟಿಲು ಹತ್ತಿಕೊಂಡು ಮೇಲೆ ಬರುತ್ತಿತ್ತು. ತಲಘಟ್ಟಪುರದಾಚೆ ಇದ್ದ ನಂಜಮ್ಮನ ತಂಗಿಯ ಹೊಲದಿಂದ ಮೂಟೆಗಟ್ಟಲೆ ಅವರೆಕಾಯಿ ಬಂದು ಬೀಳುತ್ತಿತ್ತು. ಅವರು ದಿನಾ ಸುಲಿದು, ಕಾಳು ನೆನೆಸಿ, ಮರುದಿನ ಹಿತುಕುವರು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ. ಆ ಹಿತುಕಿದ ಬೇಳೆಯ ಸಾರು, ಬಿಸಿ ಮುದ್ದೆ. ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಆಗಂತೂ ಕಣ್ಣಲ್ಲೂ ಬರುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅತ್ತೆ ಮಷಿನ್ ತುಳಿಯುವುದನ್ನು ನಿಲ್ಲಿಸಿದರು. "ಬೇರೆ ಏನ್ ಬೇಕಾದ್ರೂ ಕೇಳು ವಿನುತಾ. ಅವರೆ ಮಾತ್ರ ಬೇಡ."

"ಟಿವೀಲಿ ಇನ್ನೂ ಅದರ ಹೆಸರು ಬಂದಿಲ್ವಲ್ಲ ಅತ್ತೆ?"

"ಟಿವೀಲಿ ಬರ್ಬೇಕಾ? ನನಗೆ ಗೊತ್ತು." ಮತ್ತೆ ಮಷಿನ್ ತುಳಿದರು, ನೂಲು ಕಿತ್ತುಹೋಗುವಷ್ಟು ಜೋರಾಗಿ.

ವಿಚಿತ್ರವೆಂದರೆ ಹಿಂದಿನ ಚಳಿಗಾಲಗಳಲ್ಲಿ ಅವರೇ ನಮಗೆ ಹಿತುಕಿದ ಬೇಳೆ ಸಾರು ಮಾಡಿ ಬಡಿಸಿದ್ದರು, ಅಷ್ಟು ರುಚಿಯಾಗಿ ನಮ್ಮಮ್ಮನೂ ಮಾಡುವುದಿಲ್ಲ. ತಾವು ಮಾತ್ರ ತಿನ್ನುತ್ತಿರಲಿಲ್ಲ. ಬೇರೆ ಅಡುಗೆಗೆಲ್ಲ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ತಾವೇ ಉಪ್ಪು ನೋಡುವವರು, ಈ ಸಾರಿಗೆ ಮಾತ್ರ ಒಳಗಿನಿಂದ ಕೂಗುತ್ತಿದ್ದರು, "ರಘೂ, ಉಪ್ಪು ನೋಡ್ಬಾರೋ." ರಘು ಇಲ್ಲದಿದ್ದರೆ ನನ್ನನ್ನು. ಅವರಿಗೆ ಅವರೆ ಸೇರುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಸೇರುವುದಿಲ್ಲ, ಅದನ್ನು ಯಾರು ಕೆದಕುತ್ತಾರೆ.

ಹೊಸ ವರ್ಷ ಹುಟ್ಟಿದ ಮೇಲೆ ಸ್ಕ್ಯಾನಿಂಗಿಗೆ ಹೋದೆವು. ಜಯನಗರದ ನಮ್ಮ ಲೇಡಿ ಡಾಕ್ಟರು ಕಡಿಮೆ ಮಾತಿನವರು. ರಿಪೋರ್ಟನ್ನು ಎರಡು ಸಲ ನೋಡಿದರು. "ಮಗು ಬೆಳವಣಿಗೆ ಸ್ವಲ್ಪ ಹಿಂದಿದೆ. ಗಾಬರಿ ಬೇಡ, ಆದ್ರೆ ಹಿಂಗೇ ಬಿಡೋ ಹಾಗೂ ಇಲ್ಲ. ನಿಮ್ಮ ತೂಕಾನೂ ಏರಿಲ್ಲ. ಏನು ಊಟ ಮಾಡ್ತಿದೀರಾ?"

ಹೇಳಿದೆ. ಏನು ಬಿಟ್ಟಿದ್ದೇನೆ ಎಂದೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಇದನ್ನೆಲ್ಲ ಯಾರು ಬಿಡೋಕೆ ಹೇಳಿದ್ದು?"

"ಟಿವೀಲಿ..."

"ಹೆರಿಗೇನೂ ಟಿವಿಯವರೇ ಮಾಡಿಸ್ತಾರಂತಾ?"

ಪಕ್ಕದಲ್ಲಿ ಕೂತಿದ್ದ ರಘು ತನ್ನ ಕೈಬೆರಳುಗಳನ್ನು ನೋಡಿಕೊಂಡ. ಡಾಕ್ಟರಿಗೆ ಅವನ ಉದ್ಯೋಗ ಗೊತ್ತಿರಲಿಲ್ಲ, ಪುಣ್ಯ. ಕಾಳು, ಸೊಪ್ಪು, ಮೊಟ್ಟೆ, ಹಾಲು, ಹಣ್ಣು, ಎಲ್ಲ ತಿನ್ನಬೇಕು, ಕೆಲವು ವಾರ ಬಿಟ್ಟು ಮತ್ತೆ ನೋಡುತ್ತೇನೆ ಎಂದು ಕಳಿಸಿದರು.

ಆಟೋದಲ್ಲಿ ನಾನು ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅಷ್ಟು ದಿನ ಒಳಗಿನ ಜೀವವನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಅದನ್ನು ಹಸಿವಿನಲ್ಲಿ ಇಟ್ಟಿದ್ದೆ. ಮನೆಗೆ ಬಂದು ಹೇಳಿದಾಗ ಅತ್ತೆಯ ಮುಖ ಬಿಳಿಚಿಕೊಂಡಿತು. ಅವತ್ತೇ ಹಾಲಿಗೆ ಬಾದಾಮಿ ಅರೆದು ಹಾಕಿದರು, ತುಪ್ಪದ ಸೌಟು ದೊಡ್ಡದಾಯಿತು. ಮೊಟ್ಟೆ ಬಂತು, ಸೊಪ್ಪು ಬಂತು. ಆದರೆ ಟಿವಿಯೂ ನಿಲ್ಲಲಿಲ್ಲ. ಡಾಕ್ಟರ ಮಾತು ಕೇಳಿ ಬೇಯಿಸುವರು, ಕಾರ್ಯಕ್ರಮ ನೋಡಿ ತಟ್ಟೆಯಿಂದ ಅರ್ಧ ತೆಗೆದಿಡುವರು. ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ತಿಳಿಯದೆ ಅವರು ಒದ್ದಾಡುವುದನ್ನು ನೋಡಿದರೆ ನನ್ನ ಸಿಟ್ಟೂ ಇಳಿದುಹೋಗುತ್ತಿತ್ತು.

ಹೀಗಿರುವಾಗ ಸಂಕ್ರಾಂತಿ ಬಂತು. ಸಂಜೆ ನಂಜಮ್ಮ ಹೊಸ ಸೀರೆ ಉಟ್ಟು ಎಳ್ಳು ಬೀರಲು ಮೇಲೆ ಬಂದರು. ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ಜಲ್ಲೆ, ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ. ಕಾಯಿಯಿಂದ ಇನ್ನೂ ಹಬೆ ಏಳುತ್ತಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅತ್ತೆ ನಡುವೆ ಬಂದು ತಟ್ಟೆಯನ್ನು ಈಸಿಕೊಂಡು ಸೆರಗಿನ ಮರೆಗೆ ಹಿಡಿದರು.

"ಅವಳಿಗೆ ಬೇಡಿ ನಂಜಮ್ನೋರೆ."

"ಯಾಕ್ ಬ್ಯಾಡ? ನಾನು ಐದು ಹೆತ್ತಿವ್ನಿ, ಐದರಾಗೂ ಅವರೆಕಾಯ್ ತಿಂದಿವ್ನಿ. ನಿಮ್ ಟಿವಿಯೋರು ಎಷ್ಟು ಹೆತ್ತವ್ರೆ?"

"ನಿಮಗೇನೂ ಆಗ್ಲಿಲ್ಲ ಅಂತ..." ಅತ್ತೆ ತಟ್ಟೆಯನ್ನು ಇನ್ನಷ್ಟು ಒತ್ತಿ ಹಿಡಿದರು. ಮಾತು ಮುಗಿಸಲಿಲ್ಲ. ಹಬ್ಬದ ಸಂಜೆ ಯಾಕೆ ಜಗಳ ಎಂದು ನಾನು ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿದೆ. ಟಿವಿ ತನ್ನ ಪಾಡಿಗೆ ಓಡುತ್ತಿತ್ತು. ಹಬ್ಬವಾದರೂ ರಘುವಿಗೆ ರಜೆಯಿಲ್ಲ, ಅವನು ಆಫೀಸಿನಲ್ಲಿದ್ದ.

ಢಣ್ ಎಂದಿತು. ಪರದೆಯ ಮೇಲೆ ಅವರೆಕಾಯಿಯ ರಾಶಿ, ಅದರ ಸುತ್ತ ಕೆಂಪು ಉಂಗುರ.

"ಸಂಕ್ರಾಂತಿ ಸಂಭ್ರಮದಲ್ಲಿ ಆಘಾತ! ಅವರೆಕಾಯಿ ತಿಂದ ಗರ್ಭಿಣಿ ಐಸಿಯು ಪಾಲು?"

"ನೋಡಿ!" ಎಂದರು ಅತ್ತೆ. ಗೆದ್ದ ದನಿಯಲ್ಲ ಅದು, ಅಳುವ ದನಿ. "ನೋಡಿ ನಂಜಮ್ನೋರೆ, ನಾನು ಹೇಳ್ಲಿಲ್ವಾ?"

ಮುಂದಿನ ಚಿತ್ರದಲ್ಲಿ ಆ ಗರ್ಭಿಣಿ ಬಂದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಖಕ್ಕೆ ಮಾತ್ರ ಮಬ್ಬು. ಅಯ್ಯೋ ಪಾಪ ಎಂದುಕೊಂಡೆ. ದಿನಾ ಬಟ್ಟೆಯಲ್ಲಿ ತಪ್ಪು ಹುಡುಕುವ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ನಾನು ನೋಡುತ್ತಿದ್ದದ್ದು ಆ ಮಬ್ಬನ್ನು, ಅದರ ಹಿಂದೆ ಇರಬಹುದಾದ ನೋವನ್ನು.

ಅತ್ತೆ ಎದ್ದು ಟಿವಿಯ ಹತ್ತಿರ ಹೋದರು. ತೊಡೆಯ ಮೇಲಿದ್ದ ತಟ್ಟೆ ಜಾರಿ ಅವರೆಕಾಯಿಗಳು ನೆಲದ ತುಂಬ ಉರುಳಿದವು. ಅವರು ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಹೆಂಗಸಿನ ಎಡತೋಳಿನ ಮೇಲೆ ಬೆರಳಿಟ್ಟರು.

"ಇದು ನಾನು ಹೊಲಿದಿದ್ದು."

ಮಾವಿನ ಬುಟ್ಟಾ ತಲೆಕೆಳಗಾಗಿ ನಿಂತಿತ್ತು.

ಟಿವಿ ಇನ್ನೂ ಹೇಳುತ್ತಲೇ ಇತ್ತು. ಅದರ ಪ್ರಕಾರ ನನ್ನ ಸ್ಥಿತಿ ಗಂಭೀರವಾಗಿತ್ತು, ಕುಟುಂಬದವರು ಕಣ್ಣೀರಿನಲ್ಲಿ ಕೈತೊಳೆಯುತ್ತಿದ್ದರು. ನಂಜಮ್ಮ ನನ್ನನ್ನು ನೋಡಿದರು, ಟಿವಿ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಬದುಕಿದೀಯ ಮಗ?" ಎಂದು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡರು. ಅವರ ಭುಜ ಕುಲುಕುತ್ತಿದ್ದದ್ದು ನಗುವಿಗೆ ಎಂದು ತಿಳಿದ ಮೇಲೆ ನನಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿನವಳೂ ಒಂದು ಒದೆ ಕೊಟ್ಟಳು.

ಅತ್ತೆ ನಗಲಿಲ್ಲ. ಫೋನ್ ತೆಗೆದುಕೊಂಡು ಮಗನಿಗೆ ಮಾಡಿದರು. "ರಘು, ನಿನ್ ಹೆಂಡ್ತಿ ಐಸಿಯೂಲಿ ಇದಾಳಂತೆ. ನಿಮ್ ಚಾನೆಲ್ನೋರೇ ಹೇಳ್ತಿದಾರೆ. ನೀನೇನು ಆಫೀಸಲ್ಲಿ ಕೂತಿದೀಯಾ? ಬೇಗ ಬಾ, ನೋಡೋಕೆ ಹೋಗೋಣ." ಆ ಕಡೆಯಿಂದ ಏನು ಬಂತೋ, ಇವರು ಫೋನ್ ಇಟ್ಟು ಟಿವಿಯನ್ನು ಪ್ಲಗ್ಗಿನಿಂದಲೇ ಕಿತ್ತರು.

ನಡೆದದ್ದು ಇಷ್ಟು. ಬೇರೆ ಶಿಫ್ಟಿನ ಹುಡುಗನಿಗೆ ಗಡಿಬಿಡಿಯಲ್ಲಿ ಒಬ್ಬ ಗರ್ಭಿಣಿಯ ಚಿತ್ರ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಹುಡುಕಿದಾಗ ಯಾವುದೋ ಫೋಲ್ಡರಿನಲ್ಲಿ ಒಂದು ಸಿಕ್ಕಿತು. ಮುಖಕ್ಕೆ ಮಬ್ಬು ಹಾಕಿದ, ಮುಗಿಯಿತು. ಐಸಿಯುನಲ್ಲಿದ್ದ ನಿಜವಾದ ಗರ್ಭಿಣಿ ಯಾರು ಎಂದು ರಘು ಕೂಗಾಡಿ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ಫಾರ್ವರ್ಡ್ ಬಂದಿತ್ತಂತೆ. ಅವತ್ತೇ ನನ್ನ ಚಿತ್ರವನ್ನು ಅಲ್ಲಿಂದ ತೆಗೆಸಿಹಾಕಿದ. ಕೆಲಸ ಬಿಡುತ್ತೇನೆಂದು ಒಂದು ವಾರ ಹಾರಾಡಿದ, ಆಮೇಲೆ ಕ್ರಿಕೆಟ್ ವಿಭಾಗಕ್ಕೆ ಹಾಕಿಸಿಕೊಂಡ. ಈಗಲೂ ಅಲ್ಲೇ ಇದ್ದಾನೆ. ಅಂಕಿಗಳ ಸುತ್ತ ಉಂಗುರ ತಿರುಗಿಸುತ್ತಾನೆ, ಅದರಿಂದ ಯಾರ ಹಸಿವೂ ಕೆಡುವುದಿಲ್ಲ.

ನಂಜಮ್ಮ ಕೆಳಗೆ ಹೋದ ಮೇಲೆ ಅತ್ತೆ ನೆಲದ ಮೇಲೆ ಕೂತು ಉರುಳಿದ ಅವರೆಕಾಯಿಗಳನ್ನು ಒಂದೊಂದಾಗಿ ಆರಿಸತೊಡಗಿದರು. ನಾನು ಬಗ್ಗಲಾರದೆ ಸೋಫಾದ ಮೇಲೆ ಕೂತಿದ್ದೆ. ತಲೆ ಎತ್ತದೆ ಅವರು ಮಾತು ಶುರುಮಾಡಿದರು.

"ರಘೂಗಿಂತ ಮುಂಚೆ ಒಂದಿತ್ತು. ಅವನಿಗೂ ಗೊತ್ತಿಲ್ಲ."

ಬಸವನಗುಡಿಯ ಒಂದು ವಠಾರದಲ್ಲಿ ಅವರು ಹೊಸ ಸೊಸೆ, ಚೊಚ್ಚಲ ಬಸುರಿ. ಚಳಿಗಾಲ. ವಠಾರದ ಹೆಂಗಸರೆಲ್ಲ ಒಟ್ಟಿಗೆ ಕೂತು ಅವರೆ ಹಿತುಕಿದ್ದರು, ಆಸೆಯಿಂದ ಇವರು ಎರಡು ಬಟ್ಟಲು ಸಾರು ಹಾಕಿಸಿಕೊಂಡಿದ್ದರು. ಅದಾದ ಒಂದೆರಡು ದಿನಕ್ಕೆ ಹೊಟ್ಟೆನೋವು ಬಂದು ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿ ಅವರ ಅತ್ತೆ ವಠಾರಕ್ಕೆಲ್ಲ ಕೇಳುವ ಹಾಗೆ ಅಂದರಂತೆ, "ನಾಲಿಗೆ ಚಪಲಕ್ಕೆ ಮಗೂನ ತಿಂದ್ಕೊಂಡು ಬಂದ್ಲು."

"ಅವತ್ತಿಂದ ಬಾಯಿಗೆ ಹಾಕಿಲ್ಲ ವಿನುತಾ. ಮಾಡ್ತೀನಿ, ಬಡಿಸ್ತೀನಿ. ನಾಲಿಗೆಗೆ ಮಾತ್ರ ಸೋಕಿಸಿಲ್ಲ."

ಒಂಟಿ ಸ್ಟೂಲಿನ ಮೇಲೆ ಕೂತು ಮಷಿನ್ ತುಳಿಯುವ ಈ ಹೆಂಗಸಿನ ಮೇಲೆ ನಾನು ಎಷ್ಟು ಸಲ ಒಳಗೊಳಗೇ ರೇಗಿದ್ದೆ. ಅವರು ಟಿವಿಗೆ ಹೆದರಿದ್ದಲ್ಲ. ಟಿವಿಯಲ್ಲಿ ದಿನಾ ಸಂಜೆ ಅವರ ಅತ್ತೆಯ ದನಿಯೇ ಬರುತ್ತಿತ್ತು.

ಅವರು ಒಂದು ಕಾಯನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಹೇಳಿದರು, "ಈ ಟಿವಿಯೋರ ಕೈಗೆ ನಿನ್ ಫೋಟೋ ಸಿಕ್ತು, ಹಾಕಿದ್ರು. ಅವತ್ತು ನಮ್ಮತ್ತೆ ಕೈಗೆ ಅವರೆ ಸಿಕ್ತು, ಅದನ್ನ ಹೇಳಿದ್ರು. ಏನೋ ಒಂದು ಸಿಗಬೇಕಿತ್ತು, ಅಷ್ಟೇ. ಅಲ್ವಾ?"

ಅಷ್ಟು ಹೇಳಿದರೂ ಆ 'ಅಲ್ವಾ'ದಲ್ಲಿ ಅನುಮಾನ ಉಳಿದಿತ್ತು. ಮುಂದಿನ ಚೆಕಪ್ಪಿಗೆ ನಾನೂ ಬರ್ತೀನಿ ಎಂದರು. ಅದುವರೆಗೆ ಒಮ್ಮೆಯೂ ಬಂದಿರಲಿಲ್ಲ. ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ಮಗು ಪರವಾಗಿಲ್ಲ, ಸುಧಾರಿಸ್ತಿದೆ, ಹೀಗೇ ತಿನ್ನಿ ಎಂದರು. ನಾನು ಏಳುವಷ್ಟರಲ್ಲಿ ಅತ್ತೆ ಕುರ್ಚಿಯ ತುದಿಗೆ ಬಂದರು.

"ಡಾಕ್ಟ್ರೇ, ಒಂದು ಕೇಳ್ಬೇಕಿತ್ತು. ನನಗಲ್ಲ. ನಮ್ಮ ಪರಿಚಯದೋರು ಒಬ್ರಿಗೆ, ಬಹಳ ಹಿಂದೆ..." ಎಂದು ಎಲ್ಲ ಹೇಳಿದರು. ವಠಾರ, ಎರಡು ಬಟ್ಟಲು ಸಾರು, ಎಲ್ಲ. ಬಾಗಿಲಲ್ಲಿ ನಿಲ್ಲಿಸಿದ್ದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರು ಅವರನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಹೊರಗೆ ಕಾಯುವವರು ತುಂಬ ಜನ ಇದ್ದರೂ ಆತುರ ಮಾಡಲಿಲ್ಲ. "ಯಾಕೆ ಹಾಗಾಯ್ತು ಅಂತ ನನಗೂ ಹೇಳೋಕಾಗಲ್ಲಮ್ಮ. ಎಷ್ಟೋ ಸಲ ನಮಗೂ ಕಾರಣ ಗೊತ್ತಾಗಲ್ಲ. ಆದ್ರೆ ಚೆನ್ನಾಗಿ ಬೇಯಿಸಿದ ಅವರೆಕಾಳಿನ ಸಾರು ತಿಂದಿದ್ದಕ್ಕೆ ಮಗು ಹೋಗಲ್ಲ. ನಿಮ್ಮ ಪರಿಚಯದವರಿಗೆ ಹೇಳಿ, ಅವರದೇನೂ ತಪ್ಪಿರಲಿಲ್ಲ ಅಂತ."

"ಹೇಳ್ತೀನಿ" ಎಂದರು ಅತ್ತೆ. ಕೈಚೀಲವನ್ನು ಎರಡು ಸಲ ತೆಗೆದು ಮುಚ್ಚಿದರು. "ಖಂಡಿತ ಹೇಳ್ತೀನಿ."

ಹೊರಗೆ ಬಂದು ರಸ್ತೆ ದಾಟುವಾಗ ಅವರು ನನ್ನ ಕೈ ಹಿಡಿದರು. ನಾನು ಬೀಳಬಾರದೆಂದು ಹಿಡಿದದ್ದೋ, ತಮಗೇ ಆಸರೆ ಬೇಕಿತ್ತೋ ಗೊತ್ತಾಗಲಿಲ್ಲ. ಮಾರ್ಕೆಟ್ಟಿನ ಹತ್ತಿರ ಅವರೆಕಾಯಿ ರಾಶಿಯ ಮುಂದೆ ಕೈ ಬಿಟ್ಟು ಕುಕ್ಕರುಗಾಲಲ್ಲಿ ಕೂತರು. ಒಂದು ಕಾಯನ್ನು ಉಗುರಿನಿಂದ ಗೀರಿ ಮೂಗಿನ ಹತ್ತಿರ ಹಿಡಿದರು. "ಸೊಗಡು ಚೆನ್ನಾಗಿದೆ" ಎಂದು ವ್ಯಾಪಾರದವಳಿಗೋ ನನಗೋ ಹೇಳಿ, ಚೀಲ ಬಿಚ್ಚಿದರು.

ಸಂಜೆ ಜಗಲಿಯ ಮೇಲೆ ನಂಜಮ್ಮ, ಅತ್ತೆ, ನಾನು ಮೂವರೂ ಕೂತು ಸುಲಿದೆವು. ಮರುದಿನ ಬೆಳಗ್ಗೆ ನೆನೆದ ಕಾಳನ್ನು ಹಿತುಕಿದೆವು. ಬಿಸಿಲು ಹಿತವಾಗಿತ್ತು. ನನ್ನ ಬೆರಳಿನಿಂದ ಹಾರಿದ ಒಂದು ಬೇಳೆ ನಂಜಮ್ಮನ ಕನ್ನಡಕಕ್ಕೆ ಹೋಗಿ ಹತ್ತಿತು. "ಐಸಿಯೂಲಿರೋಳಿಗೆ ಏನ್ ಜೋರು ನೋಡ್ರಪ್ಪ" ಎಂದರು. ಈ ಸಲ ಅತ್ತೆಯೂ ನಕ್ಕರು.

ಮಗಳು ಮಾರ್ಚಿನಲ್ಲಿ ಹುಟ್ಟಿದಳು. ಡಾಕ್ಟರು ತೂಕ ನೋಡಿ ಸಮಾಧಾನಪಟ್ಟರು. ಅವರೆಕಾಳು ತಿಂದೇ ತೂಕ ಬಂತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನನಗೂ ಟಿವಿಯವರಿಗೂ ಏನು ವ್ಯತ್ಯಾಸ. ಹೊಟ್ಟೆ ತುಂಬ ಉಂಡೆ, ನೆಮ್ಮದಿಯಾಗಿ ಮಲಗಿದೆ, ಅಷ್ಟು ಗೊತ್ತು. ಆದರೆ ಆ ಚಳಿಗಾಲವನ್ನು ನೆನೆದಾಗ ನನಗೆ ಮೊದಲು ಕಣ್ಣಮುಂದೆ ಬರುವುದು ಮಗಳು ಹುಟ್ಟಿದ ದಿನವಲ್ಲ, ಆ ಬೇಳೆ ಹಿತುಕಿದ ದಿನದ ಮಧ್ಯಾಹ್ನ.

ಅತ್ತೆ ಅಡುಗೆಮನೆಯಲ್ಲಿದ್ದರು. ಮಸಾಲೆ ಕುದಿಯುವ ವಾಸನೆಗೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆ ಚಟಪಟ ಎಂದಿತು. ಇನ್ನೇನು ಕರೆಯುತ್ತಾರೆ ಎಂದು ಕೈ ತೊಳೆದುಕೊಂಡು ಕಾದೆ. ಉಪ್ಪು ನೋಡು ಬಾ ಎಂಬ ಕೂಗು ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆ. ಕೊನೆಗೆ ನಾನೇ ಎದ್ದು ಬಾಗಿಲಿಗೆ ಹೋದೆ.

ಅವರು ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದರು. ಬಲಗೈಯಲ್ಲಿ ಸೌಟು. ಎಡ ಅಂಗೈ ಬಾಯಿಯ ಹತ್ತಿರವಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮತ್ತೊಮ್ಮೆ ಸೌಟು ಅದ್ದಿ, ಇನ್ನೊಂದು ತೊಟ್ಟು ಅಂಗೈಗೆ ಬಿಟ್ಟುಕೊಂಡರು.

ನಾನು ಬಂದದ್ದು ಅವರಿಗೆ ತಿಳಿದಿತ್ತು. ತಿರುಗದೆಯೇ ಹೇಳಿದರು, "ತಟ್ಟೆ ಹಾಕು ಹೋಗು. ಇಬ್ಬರಿಗೂ. ಉಪ್ಪು ಸರಿಯಾಗಿದೆ."